ಒಂದೇ ಸಾಲಿನ ನರಿ ಕಥೆ

ನನ್ನ ಆರು ವರ್ಷದ ಮಗಳು ಹೇಳಿದ ನರಿ ಕಥೆಯಿಂದಾಗಿ ನಮ್ಮ ಮಾವ ಈರುಳ್ಳಿ ಮಾರುವುದನ್ನೇ ನಿಲ್ಲಿಸಿದ್ದಾರೆ. ನಗಬೇಡಿ. ಚೀಲಗಳು ಪಡಸಾಲೆಯಲ್ಲೇ ಮೊಳಕೆ ಒಡೆಯುತ್ತಿವೆ.

ವಿಷಯ ಇಷ್ಟು. ಮಗಳು ಶಾಲೆಗೆ ಹೋಗುವುದಿಲ್ಲ. ಹಡಗಲಿಯ ನಮ್ಮ ಮನೆಯಲ್ಲೇ ನಾನು ಕಲಿಸುತ್ತೇನೆ. (ಹೋಮ್‌ಸ್ಕೂಲಿಂಗ್ ಅಂದರೆ ಓಣಿಯವರು, ಪಾಪ, ಕೂಸಿಗೆ ಏನಾಗೈತ್ರಿ ಅಂತ ಮರುಗುತ್ತಾರೆ.) ನನ್ನ ಮೆಥಡ್ ಸಿಂಪಲ್. ಕಥೆಯನ್ನು ಒಂದೇ ಸಲ ಓದುವುದು, ಪುಸ್ತಕ ಮುಚ್ಚುವುದು, ಅವಳು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಅತ್ತೆಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಭಾನುವಾರ ಎಲ್ಲರೆದುರು ಮೊಮ್ಮಗಳು ಒಂದು ಕಥೆ ಹೇಳಬೇಕು, ಇಲ್ಲದಿದ್ದರೆ ಸೋಮವಾರ ಶಾಲೆಗೆ ಸೇರಿಸುವುದು ಅಂತ ತೀರ್ಪು ಕೊಟ್ಟುಬಿಟ್ಟರು. ನನ್ನ ಮರ್ಯಾದೆ ಒಂದು ನರಿಯ ಕೈಯಲ್ಲಿತ್ತು.

ಕುರಿಗಾರನ ಮಜ್ಜಿಗೆ ಕದಿಯಲು ಹೋದ ನರಿಯ ತಲೆ ಗಡಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ದೆವ್ವ ಬಂತೆಂದು ಊರವರು ಓಡುತ್ತಾರೆ. ಕೊನೆಗೆ ಒಂದು ಟಗರುಮರಿ ಗುದ್ದಿ ಗಡಿಗೆ ಒಡೆಯುತ್ತದೆ. ಇಷ್ಟೇ ಕಥೆ.

ಭಾನುವಾರ ಮಾವ, ಅತ್ತೆ, ಪಕ್ಕದ ಮನೆಯ ಗಿರಿಜಕ್ಕ ಎಲ್ಲರೂ ಬಂದು ಕೂತರು. ಮಗಳು ಈರುಳ್ಳಿ ಚೀಲಗಳ ಮೇಲೆ ಹತ್ತಿ ನಿಂತು, ಕೈ ಎತ್ತಿ, "ಸದ್ದಲೇ" ಅಂದಳು. ಎಲ್ಲರೂ ಗಪ್‌ಚಿಪ್.

"ನರಿ ತಲಿ ಗಡಿಗ್ಯಾಗ ಸಿಕ್ಕೀತಲೇ, ಪರಾಕ್."

ಅಷ್ಟೇ. ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದಳು. ಮಾವ ಓಡಿಹೋಗಿ ಹಿಡಿದುಕೊಂಡರು.

ಮೈಲಾರದ ಜಾತ್ರೆಯಲ್ಲಿ ತಾತನ ಹೆಗಲ ಮೇಲೆ ಕೂತು ಕಾರಣಿಕ ನೋಡಿಬಂದವಳು ಇವಳು. ಅಲ್ಲಿ ಗೊರವಯ್ಯ ಎತ್ತರದ ಬಿಲ್ಲೇರಿ, ಸದ್ದಲೇ ಅಂದು, ಭವಿಷ್ಯದ ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾರೆ. ಆ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲ ಅದರೊಳಗೇ. ಅರ್ಥ ಬಿಡಿಸುವುದು ಕೇಳಿದವರ ಪಾಲು.

ಕೇಳಿದವರು ಬಿಡಿಸತೊಡಗಿದರು. ನರಿ ಅಂದರೆ ದಲ್ಲಾಳಿ, ಅವನು ಸಿಕ್ಕಿಬೀಳುತ್ತಾನೆ, ರೇಟು ಏರುತ್ತದೆ, ಈಗಲೇ ಈರುಳ್ಳಿ ಮಾರಬಾರದು ಅಂತ ಮಾವ. ಗಡಿಗೆ ಅಂದರೆ ಸಂಸಾರ, ತನ್ನ ಮಗನಿಗೆ ಈ ವರ್ಷ ಹೆಣ್ಣು ಗ್ಯಾರಂಟಿ ಅಂತ ಗಿರಿಜಕ್ಕ. (ಹಾಗಾದರೆ ನರಿ ಯಾರು? ಕೇಳುವ ಧೈರ್ಯ ನನಗಾಗಲಿಲ್ಲ.) ಕಥೆ ಇನ್ನೂ ಮುಗಿದಿಲ್ಲ, ಟಗರುಮರಿ ಬರಬೇಕು ಅಂತ ನಾನು ಬಡಕೊಂಡೆ. ಯಾರಿಗೆ ಬೇಕು ಟಗರುಮರಿ?

ಅತ್ತೆ ಮೊಮ್ಮಗಳಿಗೆ ದೃಷ್ಟಿ ತೆಗೆದರು. "ಇಂಥಾ ಕೂಸನ್ನ ಯಾರಾದ್ರೂ ಸಾಲಿಗಿ ಕಳಿಸ್ತಾರೇನು? ಮನ್ಯಾಗ ಇರ್ಲಿ ಬಿಡು."

ಗೆದ್ದೆ. ಆದರೆ ಖುಷಿಯೇ ಆಗಲಿಲ್ಲ. ಮಗಳನ್ನು ಒಳಗೆ ಕರೆದು, ಉಳಿದ ಕಥೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಒಂದು ಸಾಲು ನಾ ಹೇಳೀನಿ. ಉಳಿದದ್ದು ಅವರೇ ಹೇಳಾಕತ್ಯಾರಲ್ಲವ್ವ."

ಈಗ ದಿನಾ ಸಂಜೆ ಓಣಿಯ ಜನ ಬಂದು ಕೂರುತ್ತಾರೆ. ನಾನು ಇಡೀ ಪುಸ್ತಕ ಓದಿದರೂ ಮಗಳು ಅದರಿಂದ ಒಂದು ಸಾಲು ಆರಿಸಿಕೊಂಡು ಚೀಲ ಹತ್ತುತ್ತಾಳೆ. ಎರಡನೇ ಸಾಲು ಕೇಳಿದರೆ ನನ್ನನ್ನೇ ದಡ್ಡಿಯಂತೆ ನೋಡುತ್ತಾಳೆ.

ಇವಳನ್ನು ಶಾಲೆಗೆ ಸೇರಿಸೋಣ ಅಂತ ಈಗ ಅತ್ತೆಯ ಕಾಲು ಹಿಡಿದಿರುವವಳು ನಾನು.