ಆರನೇ ತೂಬಿನವಳು ಬಾಗಿಲು ತೆಗೆದದ್ದು ಯಾಕೆ

ನನ್ನ ಕಥೆಗಳನ್ನು ಯಾರೂ ಪುಸ್ತಕವೆಂದು ಕೊಂಡು ಓದಿದವರಲ್ಲ. ಅವು ಆಟಿಕೆಯ ಡಬ್ಬಿಯೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟ ಹಾಳೆಗಳು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿ ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳನ್ನು ಮಾಡುತ್ತಿತ್ತು. ಅದರ ಮಾಲೀಕನ ಹೆಂಡತಿ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ನಾನು ಆಗ ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಗೊಂಬೆಯ ಜೊತೆಗೆ ಒಂದು ಕಥೆಯೂ ಇದ್ದರೆ ಮಕ್ಕಳು ಮುಂದಿನ ಗೊಂಬೆಗಾಗಿ ಹಟ ಮಾಡುತ್ತಾರೆ, ಬರೆದುಕೊಡು ಎಂದಳು. ಬರೆದುಕೊಟ್ಟೆ.

ಒಂದು ದೊಡ್ಡ ಕೆರೆ. ಅದಕ್ಕೆ ಏಳು ತೂಬು. ಒಂದೊಂದು ತೂಬಿಗೂ ಒಬ್ಬ ಕಾವಲಿನವರು. ಮಳೆ ಹಿಡಿದು ಕೆರೆ ತುಂಬಿದ ದಿನ ಆರನೇ ತೂಬಿನವಳು ತನ್ನ ಬಾಗಿಲನ್ನು ಪೂರ್ತಿ ತೆಗೆದುಬಿಡುತ್ತಾಳೆ. ಕೆಳಗಿನ ಊರು ಕೊಚ್ಚಿಹೋಗುತ್ತದೆ. ಐದನೆಯವನು ತಪ್ಪನ್ನು ತನ್ನ ಮೇಲೆ ಹೊತ್ತು ಊರು ಬಿಡುತ್ತಾನೆ. ಅವಳು ಬಾಗಿಲು ತೆಗೆದದ್ದು ಯಾಕೆ ಎಂಬುದು ಏಳನೇ ಗೊಂಬೆಯ ಹಾಳೆಯಲ್ಲಿ ಬರಬೇಕಿತ್ತು. ಏಳನೇ ಗೊಂಬೆ ಅಂಗಡಿಗೆ ಬರುವ ಮೊದಲೇ ಕಂಪನಿ ಮುಚ್ಚಿತು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡೆ.

ಕಥೆ ನಿಜಕ್ಕೂ ನನ್ನದಲ್ಲ, ಅಕ್ಕನದು. ಸವಣೂರಿನಲ್ಲಿ ನಮ್ಮದು ಎಲೆತೋಟ. ಸಣ್ಣವರಿದ್ದಾಗ ನಾನೂ ಅಕ್ಕನೂ ಪಡಸಾಲೆಯಲ್ಲಿ ಒದ್ದೆ ಗೋಣಿಚೀಲ ಹಾಸಿಕೊಂಡು ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುತ್ತಿದ್ದೆವು. ಕೈ ಎಲೆಯ ಮೇಲೆ ಓಡುತ್ತಿದ್ದರೆ ಅಕ್ಕನ ಬಾಯಿ ಕೆರೆಯ ಮೇಲೆ ಓಡುತ್ತಿತ್ತು. ಕಂಪನಿಗೆ ಬರೆಯುವಾಗಲೂ ನಾನು ಶನಿವಾರ ಸವಣೂರಿಗೆ ಹೋಗಿ ಅವಳ ಮುಂದೆ ಕೂರುತ್ತಿದ್ದೆ. ಅವಳ ಹೆಸರನ್ನೂ ಹಾಕಿಸೋಣವೆಂದರೆ ಒಪ್ಪಲಿಲ್ಲ.

"ನನ್ನ ಹೆಸರು ಬ್ಯಾಡ. ನಾ ಹೇಳ್ತೇನಿ, ನೀ ಬರಿ," ಅಂದಳು. "ಬರದಾಕಿದೇ ಕತಿ."

ಕಂಪನಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ಫೋನು ಬಂತು. ನಾನು ಅಕ್ಕಿ ಆರಿಸುತ್ತಿದ್ದೆ.

"ಮೇಡಂರೀ, ನಾ ಹಾನಗಲ್ಲಿಂದ ಮಾತಾಡಾಕತ್ತೇನ್ರಿ. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ ಅಂಗಡಿ ಐತ್ರಿ ನಂದು. ಏಳು ತೂಬಿನ ಕತಿ ಬರದಾವ್ರು ನೀವಽ ಹೌದಲ್ರಿ?"

ಹೌದು ಎಂದೆ. ಅವನು ಕೂಡಲೇ, "ಆರನೇ ತೂಬಿನಾಕಿ ಬಾಗಲಾ ಯಾಕ ತಗದ್ಲ್ರಿ?" ಅಂದ.

ಆ ಗೊಂಬೆಗಳನ್ನು ಆಡಿ ಬೆಳೆದವರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಹಾನಗಲ್ಲಿನವರು, ಹಿರೇಕೆರೂರಿನವರು, ಹತ್ತಿಮತ್ತೂರು, ಹುಲಗೂರಿನವರೂ ಇದ್ದರು. ನನ್ನನ್ನೂ ಸೇರಿಸಿದರು. ಪ್ರಶ್ನೆಗಳು ಶುರುವಾದವು. ಮೂರನೆಯವನ ನಾಯಿ ಪ್ರವಾಹದಲ್ಲಿ ಸತ್ತಿತೋ ಬದುಕಿತೋ? ನಾಲ್ಕನೆಯವನಿಗೆ ಕಣ್ಣು ಕಾಣುವುದಿಲ್ಲವೆಂದ ಮೇಲೆ ನೀರು ಎಷ್ಟು ಏರಿದೆ ಎಂದು ಹೇಗೆ ತಿಳಿಯುತ್ತಿತ್ತು? ನನಗೆ ಒಂದೂ ಗೊತ್ತಿರುತ್ತಿರಲಿಲ್ಲ. ಅಕ್ಕನಿಗೆ ಫೋನು ಹಚ್ಚುತ್ತಿದ್ದೆ.

"ನಾಯಿ ಎಲ್ಲಿ ಸತ್ತೈತಿ?" ಅನ್ನುತ್ತಿದ್ದಳು ಬೈಯುವವಳ ಹಾಗೆ. "ಐದನೆಯಾವನ ಬೆನ್ನಹತ್ತಿ ಹೋತು. ಹೇಳಿದ್ದೆ ನಿನಗ. ಕುರುಡಗ ನೀರಿನ ಸಪ್ಪಳಾ ಸಾಕಾಗ್ತೈತಿ. ತುಂಬಿದ ಕೆರಿ ಸಪ್ಪಳಾ ಮಾಡಂಗಿಲ್ಲ. ಮತ್ತೇನ ಕೇಳಿದ್ರು?"

ಆ "ಮತ್ತೇನ ಕೇಳಿದ್ರು"ವಿನಲ್ಲಿ ಎಂಥ ಹಸಿವಿರುತ್ತಿತ್ತು. ತಮ್ಮನ ಸಂಸಾರದಲ್ಲಿ ಒಬ್ಬಳಾಗಿ, ಎಲೆ, ಒಲೆ, ದನ ಎಂದು ದಿನ ತೆಗೆಯುತ್ತಿದ್ದ ಅವಳು ನನ್ನ ಫೋನಿಗಾಗಿ ಕಾಯುತ್ತಿದ್ದಳೆಂದು ತಮ್ಮನ ಹೆಂಡತಿ ಹೇಳುತ್ತಿದ್ದಳು. ಆರನೆಯವಳ ವಿಷಯ ಬಂದರೆ ಮಾತ್ರ ಅಕ್ಕ ತಡೆಯುತ್ತಿದ್ದಳು.

"ಅದು ಈಗ ಬ್ಯಾಡ."

"ಯಾಕ? ದಿನಾ ಕೇಳಾಕತ್ತಾರ."

"ಹೇಳೂ ಹೊತ್ತಿಗೆ ಹೇಳ್ತೇನಿ ಬಿಡು."

ಗುಂಪಿನಲ್ಲಿ ಎರಡು ಪಕ್ಷಗಳಾಗಿದ್ದವು. ಅವಳು ಕೆಳಗಿನ ಊರಿನ ವೈರಿಗಳ ಮಾತು ಕೇಳಿದ ದ್ರೋಹಿ ಎನ್ನುವವರು ಕೆಲವರು. ಏರಿಯೇ ಒಡೆಯುವ ಹಾಗಿತ್ತು, ಅವಳು ಒಂದು ಊರನ್ನು ಕೊಟ್ಟು ಹತ್ತು ಊರು ಉಳಿಸಿದಳು ಎನ್ನುವವರು ಕೆಲವರು. ಹಾನಗಲ್ಲಿನವನು ಎರಡನೇ ಪಕ್ಷದವನು. ಸಾಕ್ಷಿಗೆ ನನ್ನ ಹಾಳೆಗಳ ಸಾಲುಗಳನ್ನೇ ಕಳಿಸುತ್ತಿದ್ದ. ನಾನು ಪ್ರಾಸಕ್ಕೆಂದು ಹಾಕಿದ ಶಬ್ದಗಳಲ್ಲೂ ಅವರಿಗೆ ಅರ್ಥ ಸಿಗುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ ಅಕ್ಕ ಒಲೆಯ ಮುಂದೆಯೇ ಕುಸಿದಳು. ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗೋಡೆ ಹಿಡಿದು ನಡೆಯುವಂತಾದಳು, ಎಡಗೈಯಲ್ಲಿ ಊಟ ಮಾಡುವಂತಾದಳು. ಮಾತು ಮಾತ್ರ ಹೋಗಿತ್ತು. ಬಾಯಿ ಸುಮ್ಮನಿರುತ್ತಿರಲಿಲ್ಲ. ಸದ್ದು ಬರುತ್ತಿತ್ತು, ಏರಿಳಿತ ಬರುತ್ತಿತ್ತು, ಆದರೆ ಅದರಲ್ಲಿ ಒಂದು ಶಬ್ದವೂ ಶಬ್ದವಾಗಿರಲಿಲ್ಲ. "ಹೌದು" ಎಂಬುದೊಂದೇ ಸ್ಪಷ್ಟ. ತಾನು ಸರಿಯಾಗಿಯೇ ಮಾತಾಡುತ್ತಿದ್ದೇನೆಂದು ಅವರಿಗೆ ಅನ್ನಿಸುತ್ತಿರಬಹುದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ನಾನು ಗುಂಪಿನಲ್ಲಿ ಏನೂ ಹೇಳಲಿಲ್ಲ. ಪ್ರಶ್ನೆಗಳು ಬರುತ್ತಲೇ ಇದ್ದವು. ಉತ್ತರ ನಿಂತದ್ದಕ್ಕೆ ಅವರು ಬೇರೆ ಅರ್ಥ ಕಟ್ಟಿದರು. ಮೇಡಂ ಏಳನೇ ಹಾಳೆ ಬರೆಯುತ್ತಿದ್ದಾರೆ ಎಂದುಕೊಂಡರು. ಹಾನಗಲ್ಲಿನಲ್ಲಿ ಎಲ್ಲರೂ ಸೇರುತ್ತೇವೆ, ನೀವು ಬರಲೇಬೇಕು ಎಂದರು. ಹೋದೆ. ಒಂದು ಖಾನಾವಳಿಯ ಮಹಡಿಯ ಮೇಲಿನ ಹಾಲ್. ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮೇಲೆ ಗೊಂಬೆಗಳು. ಬಣ್ಣ ಹೋದವು, ಕಾಲು ಮುರಿದದ್ದಕ್ಕೆ ಬೆಂಕಿಕಡ್ಡಿ ಅಂಟಿಸಿದವು. ಎದ್ದುನಿಂತು ನಮಸ್ಕಾರ ಮಾಡಿದ ಜನರಲ್ಲಿ ಕೆಲವರ ತಲೆ ಆಗಲೇ ನರೆಯುತ್ತಿತ್ತು.

ಊಟಕ್ಕೆ ಮೊದಲೇ ಕೇಳಿದರು. "ನನಗ ಗೊತ್ತಿಲ್ರಿ," ಎಂದೆ. ನಕ್ಕರು. ಇನ್ನೊಮ್ಮೆ ಹೇಳಿದಾಗ ನಗು ನಿಂತಿತು.

"ಬರದಾವ್ರಿಗೇ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತಿರ್ತೈತ್ರಿ?" ಹತ್ತಿಮತ್ತೂರಿನ ಒಬ್ಬ ಹಿಂದಿನಿಂದ ಅಂದ. "ನಮಗ ಹೇಳಾಕ ಮನಸಿಲ್ಲ ಅನ್ರಿ ಬೇಕಾದ್ರ."

ಆಗ ಎಲ್ಲವನ್ನೂ ಹೇಳಿದೆ. ಅಕ್ಕ, ಎಲೆಯ ಕಟ್ಟು, ಲಕ್ವಾ. ಅವರ ಮುಖದಲ್ಲಿ ಮರುಕವಿತ್ತು, ಅದರ ಹಿಂದೆ ಇನ್ನೊಂದು ಇತ್ತು: ಹಾಗಾದರೆ ಇವರು ಯಾರು, ಇಷ್ಟು ದಿನ ನಾವು ಕೇಳಿದ್ದು ಯಾರನ್ನು? ನನಗೂ ಅದೇ ಅನ್ನಿಸಿತು.

ಇಳಿದು ಬರುವಾಗ ಹಿರೇಕೆರೂರಿನ ಒಬ್ಬ ನರ್ಸು ಮೆಟ್ಟಿಲ ಮೇಲೆ ನಿಲ್ಲಿಸಿದಳು. "ಲಕ್ವಾ ಆದವ್ರನ್ನ ನಾ ಭಾಳ ನೋಡೇನ್ರಿ. ಮೆಚ್ಚಿನ ವಸ್ತು ಕೈಯಾಗ ಕೊಟ್ರ ಒಮ್ಮೊಮ್ಮೆ ಮಾತು ಎದ್ದು ಬರ್ತೈತ್ರಿ. ನಾ ಒಂದ್ಸಲ ಬಂದು ನೋಡ್ಲೇನ್ರಿ?" ಬಾ ಎಂದೆ. ಆಸೆ ಯಾರಿಗಿರುವುದಿಲ್ಲ.

ಭಾನುವಾರ ಅವಳೂ ಹಾನಗಲ್ಲಿನವನೂ ಸವಣೂರಿಗೆ ಬಂದರು. ತಮ್ಮನ ಹೆಂಡತಿ ಅವಲಕ್ಕಿ ಕೊಟ್ಟು ಚಹಾ ಮಾಡಿದಳು. ಅಕ್ಕ ಪಡಸಾಲೆಯ ಕುರ್ಚಿಯಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು. ನರ್ಸು ಅವಳ ಕಾಲು ಮುಟ್ಟಿ ನಮಸ್ಕರಿಸಿ, ಆರನೇ ಗೊಂಬೆಯನ್ನು ಅವಳ ಎಡಗೈಯಲ್ಲಿಟ್ಟಳು.

ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖದ ಒಂದು ಪಾಲು ನಕ್ಕಿತು. ಆಮೇಲೆ ಶುರುಮಾಡಿದಳು.

ಅದು ಕಥೆಯೇ. ಅದರಲ್ಲಿ ನನಗೆ ಸಂಶಯವಿಲ್ಲ. ಸಣ್ಣವಳಿದ್ದಾಗಿನಿಂದ ಕೇಳಿದ ಧಾಟಿ ಅದು. ಮಳೆ ಬರುವಲ್ಲಿ ದನಿ ಬಿರುಸಾಯಿತು. ನೀರು ಏರುವಲ್ಲಿ ತಗ್ಗಿತು. ಒಂದು ಕಡೆ ಪೂರ್ತಿ ನಿಲ್ಲಿಸಿ ನಮ್ಮ ಮೂವರ ಮುಖವನ್ನೂ ನೋಡಿ, ಬಾಗಿ, ಗುಟ್ಟು ಹೇಳುವ ಹಾಗೆ ಪಿಸುಗುಟ್ಟಿದಳು. ಅಲ್ಲೇ ಇತ್ತು ಆ ಕಾರಣ. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಬೆನ್ನು ಹಿಂದಕ್ಕೆ ಒರಗಿಸಿ, ಹೇಳಿ ಮುಗಿಸಿದವಳ ನೆಮ್ಮದಿಯಲ್ಲಿ, ನಾವೇನು ಅನ್ನುತ್ತೇವೆಂದು ಕಾದಳು.

ನಮಗೆ ಒಂದು ಶಬ್ದವೂ ತಿಳಿದಿರಲಿಲ್ಲ.

ನರ್ಸು ತಲೆ ತಗ್ಗಿಸಿದಳು. ಹಾನಗಲ್ಲಿನವನು ತಡೆಯಲಾರದೆ ಕೇಳಿಬಿಟ್ಟ. "ಅಂದ್ರ ಏರಿ ಒಡೀತೈತಂತ ತಗದ್ಲಲ್ರಿ, ಅಕ್ಕಾರ?"

"ಹೌದು," ಅಂದಳು ಅಕ್ಕ.

ಅವನ ಮುಖ ಅರಳಿತು. ನರ್ಸು ಮೆಲ್ಲಗೆ ಕೇಳಿದಳು. "ವೈರಿಗಳ ಮಾತು ಕೇಳಿ ತಗದ್ಲೇನ್ರಿ?"

"ಹೌದು."

"ನೀವು ಇವತ್ತ ಹುಬ್ಬಳ್ಳಿಗೆ ಹೋಗಿದ್ರೇನ್ರಿ?"

"ಹೌದು."

ನರ್ಸು ನನ್ನ ಕಡೆ ತಿರುಗಿದಳು. ಅಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಅವಳಿಗೆ ಆಗ ತಿಳಿಯಿತು. ತಾನು ಹೇಳಿದ್ದು ನಮ್ಮ ತನಕ ಬಂದೇ ಇಲ್ಲವೆಂಬುದು ಆ ದಿನ, ಆ ಕ್ಷಣ ಅವಳಿಗೆ ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಗೊಂಬೆಯನ್ನು ತೊಡೆಯ ಮೇಲಿಟ್ಟು ಸೆರಗನ್ನು ಮುಖದ ಮೇಲೆಳೆದುಕೊಂಡಳು. ಅವರು ಹೋಗುವ ತನಕ ಸೆರಗು ತೆಗೆಯಲಿಲ್ಲ.

ಆವತ್ತಿನಿಂದ ಅಕ್ಕ ಬಾಯಿ ತೆರೆಯಲಿಲ್ಲ. ಆ ಅರ್ಥವಿಲ್ಲದ ಸದ್ದಾದರೂ ಮನೆಯಲ್ಲಿತ್ತು, ಅದೂ ನಿಂತಿತು. ಬೇಕಾದದ್ದಕ್ಕೆ ಕೈ ತೋರಿಸುತ್ತಿದ್ದಳು. ಆಸ್ಪತ್ರೆಯಿಂದ ಮಾತು ಕಲಿಸಲು ಬರುತ್ತಿದ್ದವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಾನಗಲ್ಲಿನವನು ಮೊದಲನೇ "ಹೌದು" ಒಂದನ್ನೇ ಗುಂಪಿನಲ್ಲಿ ಹಾಕಿದ. ಕಥೆ ಕಟ್ಟಿದ ತಾಯಿಯೇ ಒಪ್ಪಿದ್ದಾರೆ ಎಂದು ಬರೆದ. ಅವನ ಪಕ್ಷದವರು ಗೆದ್ದರು, ಇನ್ನೊಂದು ಪಕ್ಷದವರು ಹುಚ್ಚಿಯ ಮಾತಿಗೇನು ಬೆಲೆ ಎಂದರು. ಆ ಶಬ್ದ ಓದಿದ ಮೇಲೆ ನಾನು ಗುಂಪು ಬಿಟ್ಟೆ. ನರ್ಸು ಮಾತ್ರ ಫೋನು ಮಾಡಿ, "ನಾ ಬರಬಾರದಿತ್ರಿ," ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ.

ಆ ದಿನಗಳಲ್ಲೇ ನನಗೊಂದು ವಿಷಯ ಹೊಳೆಯಿತು. ನಾವು ಸಣ್ಣವರಿದ್ದಾಗ ಅಕ್ಕನ ಕೆರೆಗೆ ಐದೇ ತೂಬುಗಳಿದ್ದವು. ಆರನೆಯದು, ಅದರ ಬೆನ್ನಿಗೆ ಏಳನೆಯದು, ಆಮೇಲೆ ಬಂದವು, ಅವಳು ರಟ್ಟೀಹಳ್ಳಿಯಿಂದ ಬಂದ ಮೇಲೆ. ಅಲ್ಲಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ, ಒಂದು ಮಳೆಗಾಲದ ಮಧ್ಯಾಹ್ನ ಕೈಯಲ್ಲೊಂದು ಚೀಲ ಹಿಡಿದು ಒಬ್ಬಳೇ ಬಸ್ಸಿಳಿದು ಬಂದಳು. ಅವ್ವ ಕೇಳಿದಳು, ಅಪ್ಪ ಕೇಳಿದ, ಹಿರಿಯರು ಕೂತು ಕೇಳಿದರು. "ನಾ ಹೋಗಂಗಿಲ್ಲ," ಎಂಬುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ನಾನು ಬೆಳೆದು ದೊಡ್ಡವಳಾದ ಮೇಲೂ ಕೇಳಿದ್ದೆ. ಆಗ ಅವಳು ಎಲೆಯ ಕಟ್ಟಿಗೆ ನಾರು ಸುತ್ತುತ್ತ, "ಆತು ಬಿಡು," ಎಂದಿದ್ದಳು.

ಆಷಾಢದಲ್ಲಿ ಎರಡನೇ ಸಲ ಲಕ್ವಾ ಹೊಡೆಯಿತು. ಈ ಸಲ ಆಸ್ಪತ್ರೆಯ ತನಕವೂ ಹೋಗಲಿಲ್ಲ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ನರ್ಸು ಹಿರೇಕೆರೂರಿನಿಂದ ಬಂದು ಒಂದು ಹಿಡಿ ಮಣ್ಣು ಹಾಕಿ ಹೋದಳು.

ಎಲ್ಲ ಕಾರ್ಯ ಮುಗಿದ ಮೇಲೆ ನಾನು ರಟ್ಟೀಹಳ್ಳಿಗೆ ಹೋದೆ. ತಮ್ಮನಿಗೆ ಹೇಳಲಿಲ್ಲ. ಅಕ್ಕನ ಗಂಡನಾಗಿದ್ದವನಿಗೆ ಬೀಜ, ಗೊಬ್ಬರದ ಅಂಗಡಿಯಿತ್ತು. ಕೂದಲೆಲ್ಲ ಬೆಳ್ಳಗಾಗಿತ್ತು. ಸವಣೂರಿನವಳು ಎಂದಕೂಡಲೇ ಗುರುತು ಹಿಡಿದ. ಚೀಲಗಳ ನಡುವೆ ಒಂದು ಸ್ಟೂಲು ಒರೆಸಿ ಕೊಟ್ಟು, ಚಹಾಕ್ಕೆ ಹೇಳಿಕಳಿಸಿದ.

"ಸುದ್ದಿ ಗೊತ್ತಾತ್ರಿ," ಅಂದ. "ಮಣ್ಣಿಗೆ ಬರಬೇಕಂತಿದ್ದೆ. ಯಾವ ಮುಖ ಇಟಗೊಂಡು ಬರ್ಲಿ?"

"ಒಂದು ಕೇಳಾಕ ಬಂದೇನ್ರಿ," ಎಂದೆ. "ಅವತ್ತು ಅಕ್ಕ ಯಾಕ ಎದ್ದು ಬಂದ್ಲು?"

ಅವನು ತಕ್ಕಡಿಯ ತಟ್ಟೆಯಲ್ಲಿ ಉಳಿದಿದ್ದ ಬೀಜಗಳನ್ನು ಬಳಿದು ಚೀಲಕ್ಕೆ ಹಾಕಿದ. ಚಹಾ ಬಂತು. ಕುಡಿಯಲಿಲ್ಲ.

"ನಿಮ್ಮ ಮನ್ಯಾಗ ಹೇಳಿರ್ತಾಳ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ ನಾನು," ಅಂದ. "ಜಗಳಾ ಆಗಿದ್ದಿಲ್ರಿ. ಹೊಲದಿಂದ ಬಂದೆ, ಬುಟ್ಟ್ಯಾಗ ರೊಟ್ಟಿ ಬಿಸೀವು ಇದ್ದೂ. ಆಕಿ ಇದ್ದಿಲ್ಲ. ನಮ್ಮವ್ವ ಬಾಜೂ ಮನ್ಯಾಗಿದ್ಲು, ಆಕಿಗೂ ಗೊತ್ತಿಲ್ಲ ಅಂದ್ಲು. ಅವ್ವ ಸುಳ್ಳು ಹೇಳಿದ್ಲೋ ಏನೋ. ಆಕೀನೂ ಈಗಿಲ್ಲ."

ಅವನು ಹೇಳುತ್ತಿದ್ದದ್ದು ನಿಜವೋ, ಇಷ್ಟು ವರ್ಷ ಹೇಳಿಕೊಂಡು ನಿಜ ಮಾಡಿಕೊಂಡದ್ದೋ ನನಗೆ ತಿಳಿಯಲಿಲ್ಲ. ಕಣ್ಣು ನೋಡಿದರೆ ತಿಳಿಯುತ್ತದೆ ಎನ್ನುತ್ತಾರೆ. ನೋಡಿದೆ. ಮುದುಕನ ಕಣ್ಣು, ಅಷ್ಟೆ.

ಏಳುವಾಗ ಅವನೂ ಎದ್ದು ಅಂಗಡಿಯ ಮೆಟ್ಟಿಲ ತನಕ ಬಂದ. "ನಿಮಗೇನರ ಗೊತ್ತಾದ್ರ ನನಗೂ ಒಂದು ಮಾತು ಹೇಳ್ರಿ," ಅಂದ.

ಆಗಲಿ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಹಾವೇರಿಯ ಬಸ್ಸು ತುಂಬಿತ್ತು. ಬಾಗಿಲಲ್ಲೂ ಜನ ನಿಂತಿದ್ದರು. ಕಂಡಕ್ಟರ್ ಹಿಂದೆ ಇನ್ನೊಂದು ಬಸ್ಸಿದೆ ಎಂದ. ಅದಕ್ಕಾಗಿ ಕಾಯುತ್ತ ಕಟ್ಟೆಯ ಮೇಲೆ ಕೂತೆ.