ಕೆಂಪು ಚುಕ್ಕೆ ಇಟ್ಟವರು ಯಾರು

ತೂಕದ ಯಂತ್ರ ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಅಕ್ಕ. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ, ಅವನೂ ಅಲ್ಲೇ ಇದ್ದ. ಅಡುಗೆಮನೆಯ ಕಟ್ಟೆಯ ಮೇಲೆ ಹಳೇ ರೇಡಿಯೋ ಬಿಚ್ಚಿಟ್ಟುಕೊಂಡು ಅವನಿಗೆ ಬೆಸುಗೆ ಹಾಕಲು ಕಲಿಸಿ, ಕೆಲಸಕ್ಕೆ ಸೇರಿಸಿದವಳು ಅವಳೇ. ಈಗ ಅವನು ಸೂಪರ್‌ವೈಸರು.

ತೂಕದ ಯಂತ್ರಕ್ಕೂ ಚೀಟಿ ಮುದ್ರಿಸುವ ಪ್ರಿಂಟರಿಗೂ ನಡುವೆ ಒಂದು ಕೇಬಲ್ಲು. ಕರೆಂಟು ಆರಿಸಿ ಸಿಕ್ಕಿಸಿ ಎಂದು ಎಷ್ಟು ಬಡಕೊಂಡರೂ ಅಂಗಡಿಯವರು ಕೇಳುವವರಲ್ಲ. ಯಂತ್ರ ಓಡುತ್ತಿರುವಾಗಲೇ ಕೀಳುತ್ತಾರೆ, ಓಡುತ್ತಿರುವಾಗಲೇ ಚುಚ್ಚುತ್ತಾರೆ. ಗ್ರೌಂಡಿನ ಪಿನ್ನು ಕೂರುವ ಮುಂಚೆ ಪಕ್ಕದ ಪಿನ್ನು ತಾಗಿತೋ, ಕರೆಂಟು ಒಳಗಿನ ಸರ್ಕಿಟ್ ಬೋರ್ಡಿನ ಚಿಪ್‌ಗೆ ನುಗ್ಗಿ ಸುಟ್ಟುಬಿಡುತ್ತದೆ. ಸುಟ್ಟ ಬೋರ್ಡುಗಳನ್ನು ರಿಪೇರಿ ಮಾಡೀ ಮಾಡೀ ಅಕ್ಕ ಇದನ್ನು ಕಂಡುಕೊಂಡಿದ್ದಳು. ಹಟ ಹಿಡಿದು ಬೋರ್ಡಿನಲ್ಲಿ ಕೇಬಲ್ಲು ಸೇರುವ ಬಾಯಿಗೆ ಎರಡು ಕಾವಲು ಹಾಕಿಸಿದಳು. ಹೆಚ್ಚಿನ ವೋಲ್ಟೇಜನ್ನು ಗ್ರೌಂಡಿಗೆ ಇಳಿಸಲು ಒಂದು ಡಯೋಡು. ಕರೆಂಟು ಮಿತಿಮೀರಿದರೆ ಬಿಸಿಯಾಗಿ ತಡೆದು, ತಣ್ಣಗಾದ ಮೇಲೆ ಮತ್ತೆ ದಾರಿ ಬಿಡುವ ಒಂದು ಫ್ಯೂಸು. ಎರಡೂ ಸರಿಯಿದ್ದರೆ ಅವಳೇ ಬೋರ್ಡಿನ ಮೇಲೆ ಉಗುರು ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದಳು. ಆ ಚುಕ್ಕೆ ಹೊತ್ತ ಒಂದು ಬೋರ್ಡೂ ಏಳು ವರ್ಷದಲ್ಲಿ ಸುಟ್ಟು ವಾಪಸು ಬಂದಿರಲಿಲ್ಲ.

ಸೊಂಟ ಹಿಡಿದುಕೊಂಡು ಅಕ್ಕ ಹದಿನೈದು ದಿನ ಮನೆಯಲ್ಲಿ ಮಲಗಿದ್ದಳು. ಮತ್ತೆ ಕೆಲಸಕ್ಕೆ ಬಂದ ತಿಂಗಳಿಗೆ ನಲವತ್ತು ಬೋರ್ಡು ಕರಕಲಾಗಿ ಬಂದವು. ಎಲ್ಲದಕ್ಕೂ ಕೆಂಪು ಚುಕ್ಕೆ.

"ಏನಮ್ಮಾ, ನಿಮ್ಮ ಚುಕ್ಕೆನೂ ಕೈಕೊಡ್ತಲ್ಲ!" ಎಂದ ಮಾಲೀಕ.

"ಬಿಡಿ ಸಾರ್," ಎಂದು ತಮ್ಮ ನಡುವೆ ಬಾಯಿ ಹಾಕಿದ. "ಅಕ್ಕಂಗೆ ಈಗ ಕಣ್ಣು ಮಂಜು. ಪ್ಯಾಕಿಂಗ್‌ಗೆ ಹಾಕೋಣ, ಆರಾಮಾಗಿ ಕೂತಿರ್ತಾಳೆ."

ಮೂವತ್ತು ವರ್ಷ ಕೂತ ಮೇಜು ಒಂದೇ ಮಾತಿಗೆ ಕೈಬಿಟ್ಟುಹೋಗುವುದರಲ್ಲಿತ್ತು. ಅಕ್ಕ ಒಂದು ಬೋರ್ಡನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಡಯೋಡಿನ ಜಾಗ ಬಣಬಣ. ಫ್ಯೂಸು ಇರಬೇಕಾದಲ್ಲಿ ತಂತಿಯ ತುಂಡು. ಬೆಸುಗೆ ಬಿಟ್ಟುಕೊಳ್ಳದಿರಲೆಂದು ಅದರ ಎರಡೂ ತುದಿಗಳನ್ನು ಒಳಕ್ಕೆ ಮಡಚಿತ್ತು. ಹಾಗೆ ಮಡಚುವುದನ್ನು ಅವಳು ಕಲಿಸಿದ್ದು ಒಬ್ಬನಿಗೇ.

ತಮ್ಮನ ಮುಖ ನೋಡಿದಳು. ಅವನು ಹತ್ತಿರ ಬಂದು ಪಿಸುಗುಟ್ಟಿದ. "ಸಾಮಾನು ಬಂದಿರ್ಲಿಲ್ಲ ಅಕ್ಕ. ಮಾಲು ತಗೊಂಡು ಹೋಗೋಕೆ ಹೊರಗೆ ಲಾರಿ ನಿಂತಿತ್ತು. ನಾನೇನು ಮಾಡ್ಲಿ?"

"ತಂತಿ ಹಾಕಿದ್ಯಲ್ಲ, ಅದನ್ನ ಕ್ಷಮಿಸ್ತಿದ್ದೆ ಕಣೋ. ನನ್ನ ಚುಕ್ಕೆ ಯಾಕೆ ಇಟ್ಟೆ?"

"ಏನದು ಗುಸುಗುಸು?" ಎಂದ ಮಾಲೀಕ.

ಚಿಕ್ಕಂದಿನಲ್ಲಿ ಹಾಲು ಚೆಲ್ಲಿ ಅಪ್ಪನ ಮುಂದೆ ನಿಂತಾಗ ನೋಡುತ್ತಿದ್ದ ಹಾಗೇ ತಮ್ಮ ಅವಳನ್ನು ನೋಡಿದ. ಆಗೆಲ್ಲ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡವಳು ಅವಳೇ.

"ಡಯೋಡಿಲ್ಲ, ಫ್ಯೂಸಿಲ್ಲ ಸಾರ್. ಇವು ಹೊರಗೆ ಹೋದಾಗ ನಾನು ಹಾಸಿಗೇಲಿದ್ದೆ. ಚುಕ್ಕೆ ಇಟ್ಟಿದ್ದು ಯಾರು ಅಂತ ನಿಮ್ಮ ಸೂಪರ್‌ವೈಸರನ್ನೇ ಕೇಳಿ."

ಹತ್ತಿಯನ್ನು ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿ, ನಲವತ್ತು ಬೋರ್ಡುಗಳ ಚುಕ್ಕೆಗಳನ್ನೂ ಒಂದೊಂದಾಗಿ ಒರೆಸತೊಡಗಿದಳು.

"ಅಕ್ಕಾ..." ಎಂದ ತಮ್ಮ.

ಅವಳು ತಿರುಗಲಿಲ್ಲ. ಅವನ ಕರೆಯೂ ಅಲ್ಲಿ ಎಲ್ಲರೂ ಕರೆಯುವ ಹಾಗೆಯೇ ಕೇಳಿಸಿತು.