ಆಯಿಯ ಓಟು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಮುದುಕನಾದೆ.

ಅಪ್ಪನ ತಾಯಿ, ನಮ್ಮ ಆಯಿ, ಏನು ಕಂಡರೂ "ಒಳಗೇನೈತಿ?" ಎನ್ನುವವಳು, ಗದಗ ಸ್ಟೇಷನ್ನಿನಲ್ಲಿ ಎಂಜಿನ್ ಡ್ರೈವರನನ್ನೂ ಬಿಟ್ಟವಳಲ್ಲ. ಸ್ವಾತಂತ್ರ್ಯದ ನಂತರದ ಮೊದಲ ಚುನಾವಣೆಯಲ್ಲಿ, ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ ಇದ್ದಾಗ, ಅಜ್ಜ ಹೇಳಿದ ಪೆಟ್ಟಿಗೆ ಬಿಟ್ಟು ಬೇರೆಯದಕ್ಕೆ ಓಟು ಹಾಕಿದಳು. ಮನೆಗೆ ಮರಳುವಾಗ ಮುಂಡರಗಿಯ ದಾರಿಯಲ್ಲಿ ಅದನ್ನು ನನ್ನ ಕಿವಿಯಲ್ಲಿ ಹೇಳಿ, "ಬಾಯಿ ಬಿಟ್ಟೀಯಲೇ ಮತ್ತ!" ಎಂದು ನಕ್ಕಳು.

ನಾನು ಹೈಸ್ಕೂಲು ಹುಡುಗ. ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅಜ್ಜ ಗಂಗಾಳ ಸರಿಸಿ ಎದ್ದರು. "ಇನ್ನೊಮ್ಮೆ ಓಟಿಗೆ ಹೋದ್ರ ಈ ಹೊಸ್ತಿಲಾ ತುಳೀಬ್ಯಾಡ."

ಮುಂದಿನ ಚುನಾವಣೆಗೂ ಹೋದಳು. ಬಂದಾಗ ಅಜ್ಜ ಹೊಸ್ತಿಲಲ್ಲೇ ಕೂತಿದ್ದರು. "ಸರೀರಿ, ನಿಮಗ ರೊಟ್ಟಿ ಬಡೀಬೇಕು" ಎಂದು ದಾಟಿ ಒಳಬಂದಳು.

"ಈ ಸಲ ಯಾರಿಗೆ ಹಾಕಿದಿ?" ಎಂದೆ.

"ನಿನಗ್ಯಾಕ ಹೇಳ್ಲಿ, ಜಾಗಟಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮತ್ತೆಂದೂ ಅವಳು ನನಗೆ ಗುಟ್ಟು ಹೇಳಲಿಲ್ಲ. ತಪ್ಪಾಯಿತೆಂದು ನಾನು ಹೇಳದೆ ಉಳಿದದ್ದು ಅವಳಿಗೇ, ನನ್ನ ಆಯಿಗೆ.